ಬೆರಳಿನಡಿ ಜಾರದ ಗಡ್ಡೆ

ವೈದ್ಯವಿದ್ಯೆ ಕಲಿಯುತ್ತಿದ್ದ ಶಾಂತವೀರ ಒಮ್ಮೆ ತನ್ನ ಗುರುಗಳನ್ನು ಕೇಳಿದ: “ಗುರುಗಳೇ, ರೋಗ ಯಾವುದೆಂದು ತನಗೇ ಖಚಿತವಿಲ್ಲದಾಗ ವೈದ್ಯನು ಅದನ್ನು ರೋಗಿಗೆ ಹೇಳಬೇಕೆ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣ ಸುತ್ತಮುತ್ತ ಹೆಸರಾಗಿತ್ತು. ಒಂದು ದಿನ ನೇಕಾರರ ಹೆಂಗಸೊಬ್ಬಳು ಬಂದು ತೊಡೆಯಲ್ಲಿ ಎದ್ದಿದ್ದ ಗಡ್ಡೆಯನ್ನು ತೋರಿಸಿದಳು. ನಿಂಬೆಹಣ್ಣಿನಷ್ಟಿತ್ತು. ನೋವಿರಲಿಲ್ಲ. ವೈದ್ಯ ಒತ್ತಿ ನೋಡಿದ. ಕೊಬ್ಬಿನ ಗಡ್ಡೆಯಾದರೆ ಮೆತ್ತಗಿದ್ದು ಬೆರಳಿನಡಿ ಜಾರಬೇಕು. ಇದು ಗಟ್ಟಿಯಾಗಿತ್ತು, ಮಾಂಸದ ಆಳದಲ್ಲಿ ಕಚ್ಚಿಕೊಂಡಿತ್ತು. ಅಂಥದ್ದನ್ನು ಅವನು ಹಿಂದೆ ಕಂಡಿರಲಿಲ್ಲ.

“ಏನು ಸ್ವಾಮಿ ಇದು?” ಎಂದಳು.

“ಕೊಬ್ಬಿನ ಗಡ್ಡೆ ತಾಯಿ. ತೆಗೆದರಾಯಿತು” ಎಂದ.

ತೆಗೆದ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು ಅನ್ನಿಸಿತು. ಕಳಿಸಿದರೆ ಯಾಕೆಂದು ಅವಳು ಕೇಳುತ್ತಾಳೆ, ತನಗೆ ಗೊತ್ತಿಲ್ಲ ಎನ್ನಬೇಕಾಗುತ್ತದೆ. ಕಳಿಸಲಿಲ್ಲ.

ಎಂಟು ತಿಂಗಳಿಗೆ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಎದ್ದಿತು, ಮೊದಲಿಗಿಂತ ದೊಡ್ಡದಾಗಿ. ಈ ಸಲ ವೈದ್ಯ ಅವಳನ್ನು ನಗರದ ಆಸ್ಪತ್ರೆಗೆ ಕಳಿಸಿದ. ಅಲ್ಲಿ ಸೂಜಿಯಿಂದ ತುಣುಕು ತೆಗೆದು ನೋಡಿದರು. ಮಾಂಸದೊಳಗೆ ಹುಟ್ಟುವ ಅಪರೂಪದ ಕ್ಯಾನ್ಸರ್ ಎಂದರು. ಮೊದಲೇ ತಿಳಿದಿದ್ದರೆ ಸುತ್ತಲಿನ ಮಾಂಸ ಸಮೇತ ತೆಗೆದು ಕಾಲು ಉಳಿಸಬಹುದಿತ್ತಂತೆ. ಈಗ ಕಾಲನ್ನೇ ಕತ್ತರಿಸಿದರು. ನರಕ್ಕೆ ಔಷಧಿ ಏರಿಸಿದರು. ಕೂದಲು ಉದುರಿತು, ಊಟ ಸೇರದಾಯಿತು. ಎಲ್ಲವನ್ನೂ ತಡೆದುಕೊಂಡಳು. ಆದರೂ ವರ್ಷ ತುಂಬುವುದರೊಳಗೆ ರೋಗ ಶ್ವಾಸಕೋಶಕ್ಕೆ ಹಬ್ಬಿತು.

ಸುದ್ದಿ ಕೇಳಿ ವೈದ್ಯ ಅವಳ ಮನೆಗೆ ಹೋದ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಧೂಳು ಹಿಡಿದಿತ್ತು. ಅವಳು ಗೋಡೆಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದಳು. ಅವನನ್ನು ನೋಡಿ ಕೇಳಿದಳು:

“ಮೊದಲ ದಿನವೇ ನಿಮಗೆ ಸಂಶಯ ಬಂದಿತ್ತೆ ಸ್ವಾಮಿ?”

ಸುಳ್ಳು ಹೇಳಬಹುದಿತ್ತು. ಅಂದು ಅವನಿಗೆ ಅದು ಬಾಯಿಗೆ ಬರಲಿಲ್ಲ. “ಬಂದಿತ್ತು ತಾಯಿ.”

“ಒಂದು ಮಾತು ಹೇಳಿದ್ದರೆ ಬೇರೆ ಯಾರಿಗಾದರೂ ತೋರಿಸುತ್ತಿದ್ದೆನಲ್ಲ” ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎದ್ದು ಹೋಗುವುದು ಸುಲಭವಾಗುತ್ತಿತ್ತು.

ಶ್ರಾವಣಕ್ಕೆ ಮೊದಲೇ ಅವಳು ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನಿಗೆ ಆ ವೈದ್ಯನನ್ನು ಪೂರಾ ಬಿಟ್ಟುಕೊಡಲು ಮನಸ್ಸಾಗಲಿಲ್ಲ. “ಪಾಪ, ಅವಳು ಹೆದರಿಯಾಳೆಂದು ಮುಚ್ಚಿಟ್ಟನೇನೋ” ಎಂದ.

ಗುರುಗಳು ಹೇಳಿದರು: “ಆ ದಿನ ಹೆದರಿದ್ದವನು ಅವನು.”