ಎರಡು ಬೀಜದ ಕಡವು

ಏನಾಗಿರಬಹುದು, ನೀವೇ ಊಹಿಸಿ. ಒಂದು ಹೈಸ್ಕೂಲಿನಲ್ಲಿ ಎರಡು ಬಗೆಯ ಗಣಿತ. ಕಷ್ಟದ ಗಣಿತ ತೆಗೆದುಕೊಂಡವರಿಗೆ ಶಾಲೆಯೇ ಹತ್ತು ಅಂಕ ಸೇರಿಸಿ ಸ್ಥಾನ ಕೊಡುತ್ತದೆ. ಸಿಂಚನಾ ಎಂಬ ಹುಡುಗಿ ಕಷ್ಟದ್ದನ್ನೇ ತೆಗೆದುಕೊಂಡಳು, ಶಾಲೆಗೆ ಮೊದಲಿಗಳಾದಳು. ಕಾಲೇಜಿನ ಪ್ರತಿಭಾ ವಿದ್ಯಾರ್ಥಿವೇತನ ಯಾರಿಗೆ ಸಿಕ್ಕಿತು?

ಸಿಂಚನಾಗೆ ಎಂದಿರಾ? ಇಲ್ಲ. ಕಾಲೇಜಿನವರು ಆ ಹತ್ತು ಅಂಕ ಕಳೆದು ನೋಡಿದರು. ಸುಲಭದ ಗಣಿತದ ಹುಡುಗನೊಬ್ಬ ಮೇಲೆ ಬಂದ.

ಆ ಶಾಲೆಯ ಹೆಡ್‌ಮಾಸ್ಟರು ಪರಶಿವಮೂರ್ತಿ. ತಮಗೆ ಹಿಂದೆ ಪಾಠ ಹೇಳಿದ್ದ ಮೇಷ್ಟ್ರ ಮನೆಗೆ ಹೋಗಿ ಕೇಳಿದರು:

"ಸಾರ್, ಆ ಹತ್ತು ಅಂಕ ತೆಗೆದುಹಾಕಿಬಿಡಲೇ? ಜೂನ್ ಎಂಟು, ಸೋಮವಾರ ಪೋಷಕರ ಸಭೆ. ಅಂದು ತೀರ್ಮಾನ ಹೇಳಬೇಕು. ಮಕ್ಕಳಿಗೆ ಆಸೆ ತೋರಿಸಿ ಮೋಸ ಮಾಡಿದಿರಿ ಅಂತಾರೆ. ನನಗೆ ಊಟ ಸೇರ್ತಿಲ್ಲ."

ಮೇಷ್ಟ್ರು ನಕ್ಕರು. "ಪರೀಕ್ಷೆಯ ಹಿಂದಿನ ದಿನ ನಿನಗೆ ಹೊಟ್ಟೆನೋವು ಬರ್ತಿತ್ತು. ಇನ್ನೂ ವಾಸಿಯಾಗಿಲ್ಲ ಅನ್ನು. ಕೂತ್ಕೋ, ಒಂದು ಕತೆ ಕೇಳು."

ಒಂದು ಹೊಳೆ. ದಡದಲ್ಲಿ ಅಂಬಿಗರ ಊರು. ಹರಿಗೋಲಿನಲ್ಲಿ ದಾಟಲು ಎರಡು ಕಡವು. ಕೆಳಗಿನ ಕಡವಿನಲ್ಲಿ ಮರಳು, ಸಾಧು ನೀರು. ಮೇಲಿನದು ಬಂಡೆಗಳ ನಡುವೆ, ಕಾಲಿಟ್ಟಲ್ಲೆಲ್ಲ ಸುಳಿ. ಬೇಸಿಗೆಯಲ್ಲಿ ಅಲ್ಲಿ ಯಾರಿಗೂ ಕೆಲಸವಿಲ್ಲ. ಆದರೆ ಹೊಳೆ ಉಕ್ಕಿದ ದಿನ ಮರಳಿನ ಕಡವು ಮುಳುಗಿಹೋಗುತ್ತದೆ. ಹರಿಗೋಲು ಬಿಡಲು ಉಳಿಯುವುದು ಆ ಬಂಡೆಗಳೇ.

ಊರಿಗೊಬ್ಬ ಹಿರಿಯ. ಅವನ ಜಗಲಿಯ ಮೇಲೆ ಒಬ್ಬೊಬ್ಬ ಹುಡುಗನ ಹೆಸರಿಗೆ ಒಂದೊಂದು ಕುಡಿಕೆ. ಕೆಳಗಿನ ಕಡವು ದಾಟಿ ಬಂದರೆ ಹಿರಿಯ ಒಂದು ಹುಣಸೆ ಬೀಜ ಹಾಕುತ್ತಿದ್ದ. ಮೇಲಿನದನ್ನು ದಾಟಿದರೆ ಎರಡು. ಏಕೆ ಎರಡು ಎಂದು ಯಾರೂ ಕೇಳಿರಲಿಲ್ಲ. ಅವನ ಅಜ್ಜನ ಕಾಲದಿಂದಲೂ ಹಾಗೆಯೇ.

ಬಂದರಿನಲ್ಲಿ ಒಬ್ಬ ವರ್ತಕ. ವರ್ಷಕ್ಕೊಮ್ಮೆ ಪ್ರತಿ ಊರಿನಿಂದ ಒಬ್ಬ ಹುಡುಗನನ್ನು ಕರೆದೊಯ್ದು, ಅನ್ನ ಬಟ್ಟೆ ಕೊಟ್ಟು ಹಡಗು ನಡೆಸುವುದನ್ನು ಕಲಿಸುತ್ತಿದ್ದ. ಆ ವರ್ಷ ಅವನ ಗುಮಾಸ್ತ ಬಂದು ಕುಡಿಕೆಗಳನ್ನು ನೋಡಿದ. ತುಂಬಿದ್ದ ಕುಡಿಕೆ ಮೇಲಿನ ಕಡವಿನಲ್ಲೇ ಇರುತ್ತಿದ್ದ ಹುಡುಗನದು.

ಗುಮಾಸ್ತ ಹೇಳಿದ, "ಒಂದೊಂದು ಊರಿನಲ್ಲಿ ಒಂದೊಂದು ಲೆಕ್ಕ ಇಟ್ಟಿದ್ದೀರಿ. ನಮ್ಮ ಯಜಮಾನರಿಗೆ ಸುಳಿ ಗಿಳಿ ಗೊತ್ತಿಲ್ಲ. ಒಂದು ಸಲ ದಾಟಿದರೆ ಒಂದೇ ಬೀಜ." ಹೆಚ್ಚಿನ ಬೀಜಗಳನ್ನು ಅಂಗಳಕ್ಕೆ ಸುರಿದ. ಕೆಳಗಿನ ಕಡವಿನ ಹುಡುಗನನ್ನು ಕರೆದುಕೊಂಡು ಹೊರಟ.

ಸೋತ ಹುಡುಗ ಹಿರಿಯನ ಬಳಿ ಬಂದ. "ತಾತ, ಆ ಗುಮಾಸ್ತನನ್ನು ಒಂದೇ ಒಂದು ಸಲ ನನ್ನ ಹರಿಗೋಲಿನಲ್ಲಿ ಕೂರಿಸು. ಮೇಲಿನ ಕಡವು ತೋರಿಸಿ ತರ್ತೀನಿ. ಆಮೇಲೆ ಅವನೇ ಎಣಿಸಲಿ."

ಹಿರಿಯನಿಗೆ ಹೆದರಿಕೆ. ಗುಮಾಸ್ತ ಮುನಿಸಿಕೊಂಡರೆ ಮುಂದಿನ ವರ್ಷ ಊರಿಗಿರುವ ಒಂದು ಜಾಗವೂ ಹೋದೀತು. "ಸುಮ್ಮನಿರೋ" ಎಂದು ಗದರಿದ. ಆ ಹುಡುಗ ಹುಟ್ಟನ್ನು ಅಟ್ಟಕ್ಕೆ ಹಾಕಿ ದೂರದೂರಿನ ಇಟ್ಟಿಗೆ ಗೂಡಿಗೆ ಕೂಲಿಗೆ ಹೋದ.

ಹಿರಿಯ ನೊಂದುಕೊಂಡ. ಇನ್ನೊಬ್ಬ ಹುಡುಗನಿಗೆ ಹೀಗಾಗಬಾರದು ಎಂದು ಮರುದಿನವೇ ಸಾರಿದ: "ಯಾವ ಕಡವು ದಾಟಿದರೂ ಒಂದೇ ಬೀಜ." ಅಂಬಿಗರ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎಂದವರು ಯಾರಯ್ಯಾ? ಸಂಜೆಯೊಳಗೆ ಅಷ್ಟೂ ಹರಿಗೋಲು ಕೆಳಗಿನ ಕಡವಿನಲ್ಲಿದ್ದವು. ಊರು ಸಂತೋಷವಾಗಿತ್ತು. ವರ್ಷವರ್ಷವೂ ಒಬ್ಬ ಹುಡುಗ ಬಂದರಿಗೆ ಹೋದ.

ಒಂದು ಮಳೆಗಾಲ. ಕಳೆ ಕೀಳಲು ಹೆಂಗಸರು ಆಚೆ ದಡಕ್ಕೆ ಹೋಗಿದ್ದರು. ಹಿರಿಯನ ಸೊಸೆಯೂ ಹೋಗಿದ್ದಳು. ಮಧ್ಯಾಹ್ನ ಹೊಳೆ ಉಕ್ಕಿತು. ಮರಳಿನ ಕಡವು ಕಣ್ಮರೆಯಾಯಿತು. ಹೆಂಗಸರು ದಿಬ್ಬ ಹತ್ತಿ ಸೆರಗು ಬೀಸಿದರು. ನೀರು ದಿಬ್ಬವನ್ನು ಕಚ್ಚುತ್ತ ಏರುತ್ತಿತ್ತು.

ಬಂದರಿಗೆ ಹೋದವರು ಬಂದರಿನಲ್ಲಿದ್ದರು. ಉಳಿದವರಲ್ಲಿ ಹೆಚ್ಚು ಬೀಜವಿದ್ದ ಹುಡುಗನನ್ನು ಹಿರಿಯ ಮೇಲಿನ ಕಡವಿಗೆ ಕರೆತಂದ. ಹುಡುಗ ಹುಟ್ಟು ಹಿಡಿದ. ಯಾವ ಬಂಡೆಯ ಪಕ್ಕದಿಂದ ಹರಿಗೋಲು ಬಿಡಬೇಕೆಂದು ತಿಳಿಯದೆ ಹಿರಿಯನ ಕಡೆ ತಿರುಗಿದ.

"ಇಲ್ಲಿ ಎಷ್ಟು ಸಲ ದಾಟಿದ್ದೀಯೋ?" ಹಿರಿಯ ಕೇಳಿದ.

"ಇಲ್ಲೇಕೆ ದಾಟಲಿ, ತಾತ?" ಎಂದ ಹುಡುಗ. "ಇದೂ ಒಂದೇ, ಅದೂ ಒಂದೇ ಅಂತ ನೀನೇ ಹೇಳಿದ್ದೆಯಲ್ಲ."

ಆಚೆ ಕಡೆ ಬೀಸುತ್ತಿದ್ದ ಸೆರಗುಗಳಲ್ಲಿ ಒಂದು ಕಾಣದಾಯಿತು. ಹಿರಿಯ ತಾನೇ ಹಗ್ಗ ಬಿಚ್ಚಿ, ಹರಿಗೋಲು ಹತ್ತಿ, ಹುಡುಗನ ಎದುರಿಗೆ ಕುಳಿತ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಅಷ್ಟು ಹೊತ್ತೂ ಅವರ ಮುಖದಲ್ಲಿದ್ದ ನಗು ಈಗ ಇರಲಿಲ್ಲ.

ಪರಶಿವಮೂರ್ತಿ ಕೇಳಿದರು, "ಬದುಕಿದರಾ ಸಾರ್?"

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು.

"ಹೋಗಲಿ, ಇದು ನಡೆದದ್ದು ಯಾವಾಗ?"

"ಇನ್ನೂ ನಡೆದಿಲ್ಲ. ನಿನ್ನ ಸಭೆಯ ದಿನ, ಜೂನ್ ಎಂಟು, ಸೋಮವಾರ."