ಹೋಳಿಗೆಯಲ್ಲಿ ಅಳಿಲಿನ ಪಾಲು

ಅಳಿಲೂ ಇಲಿಯೂ ಸೇರಿ ಒಂದು ಇಡೀ ಹೋಳಿಗೆಯನ್ನು ಹಿತ್ತಿಲಿಗೆ ಎಳೆದು ತಂದವು. ಮೂರನೇ ಒಂದು ಭಾಗ ಇಲಿಯ ಮರಿಗಳಿಗೆ; ಉಳಿದ ಮೂರನೇ ಎರಡು ಭಾಗದಲ್ಲಿ ಅರ್ಧ ಇಲಿಗೆ, ಅರ್ಧ ಅಳಿಲಿಗೆ ಎಂದು ಮಾತಾಗಿತ್ತು.

ಇಲಿ ಮೀಸೆ ತಿರುವಿ ಲೆಕ್ಕ ಹಾಕಿತು: "ಅರ್ಧ ಅಂದರೆ ಎರಡನೇ ಒಂದು. ಗುಣಿಸಿದರೆ ಮೇಲೆ ಎರಡೊಂದ್ಲ ಎರಡು, ಕೆಳಗೆ ಎರಡ್ಮೂರ್ಲ ಆರು. ಹೋಳಿಗೆಯನ್ನು ಆರು ತುಂಡು ಮಾಡಿದರೆ ನಿನಗೆ ಎರಡು."

"ನನಗೆ ಎರಡು!" ಎಂದು ಅಳಿಲು ಕುಣಿಯಿತು. ಕೊಂಬೆಯ ಮೇಲಿದ್ದ ಕಾಗೆಯೂ ಕುಣಿಯಿತು. ಅಳಿಲಿಗಿರುವುದು ಒಂದೇ ಬಾಯಿ. ಅದು ಒಂದು ತುಂಡನ್ನು ಗೂಡಿಗೆ ಒಯ್ಯುವಷ್ಟರಲ್ಲಿ ಇನ್ನೊಂದು ತನ್ನದೇ ಎಂದು ಕಾಗೆಗೆ ಗೊತ್ತಿತ್ತು.

ಕಾಗೆಯ ಕುಣಿತ ಕಂಡು ಅಳಿಲು ಥಟ್ಟನೆ ನಿಂತಿತು. "ಇಲಿಯಣ್ಣ, ಲೆಕ್ಕ ಇನ್ನೂ ಮುಗಿದಿಲ್ಲ. ಮೇಲೂ ಕೆಳಗೂ ಎರಡರಿಂದ ಭಾಗಿಸು."

"ಮೂರನೇ ಒಂದು!" ಎಂದಿತು ಇಲಿ.

"ಅಯ್ಯೋ ದಡ್ಡೀ, ಎರಡು ಹೋಗಿ ಒಂದಾಯಿತಲ್ಲೇ! ಒಪ್ಪಬೇಡ!" ಎಂದು ಕಾಗೆ ಅರಚಿತು.

"ತುಂಡು ಕಮ್ಮಿಯಾಯಿತು, ಹೋಳಿಗೆ ಕಮ್ಮಿಯಾಗಲಿಲ್ಲ," ಎಂದು ಇಲಿ ನಕ್ಕು, ಮೂರೇ ತುಂಡು ಮಾಡಿತು.

ಅಳಿಲು ತನ್ನ ಪಾಲನ್ನೆಲ್ಲ ಒಂದೇ ಸಲಕ್ಕೆ ಕಚ್ಚಿಕೊಂಡು ಸರಸರನೆ ಮರ ಹತ್ತಿತು.

"ಆ ಲೆಕ್ಕ ನನಗೂ ಒಂಚೂರು ಹೇಳಿಕೊಡೇ!" ಎಂದು ಕಾಗೆ ಬೆನ್ನುಹತ್ತಿ ಗೋಗರೆಯಿತು.

ಅಳಿಲಿನ ಬಾಯಿ ತುಂಬ ಹೋಳಿಗೆಯಿತ್ತು.