ತಿರುವಿನಲ್ಲಿ ಕೂಡದ ಎರಡು ಹೋಳು

"ಅವ್ವಾ, ಎಲ್ಲರೂ ಹೂಂ ಅಂದ ಮೇಲೆ ನಾನೊಬ್ಬಳು ಊಹೂಂ ಅಂದು ಏನು ಬಂತು?" ಎಂದು ಶಿಷ್ಯೆ ಕೇಳಿದಳು.

ಮಠದ ಹಿರಿಯವ್ವ, "ಬಾಗಿಲಲ್ಲಿ ನಿಂತು ಕೇಳುವ ಕತೆಯಲ್ಲ ಇದು. ಬಾ, ಗೋಡೆಗೆ ಒರಗಿ ಕೂತ್ಕೋ," ಎಂದು ಹೇಳತೊಡಗಿದಳು.

ಒಬ್ಬ ಹೆಣ್ಣುಮಗಳು ರಸ್ತೆಗಳ ನಕ್ಷೆ ಮಾಡುತ್ತಿದ್ದಳು. ಈಗಿನ ರಸ್ತೆ ಮಣ್ಣಿನಲ್ಲಿ ಹುಟ್ಟುವ ಮೊದಲು ಕಂಪ್ಯೂಟರಿನಲ್ಲಿ ಹುಟ್ಟುತ್ತದೆ. ಸೌತೆಕಾಯಿ ಹೆಚ್ಚಿದ ಹಾಗೆ ರಸ್ತೆಯನ್ನು ಅಡ್ಡಡ್ಡ ಕೊಯ್ದು ಹೋಳುಹೋಳಾಗಿ ಬರೆಯುತ್ತಾರೆ. ಆಮೇಲೆ ಹೋಳುಗಳನ್ನೆಲ್ಲ ಒಂದಕ್ಕೊಂದು ಕೂಡಿಸಿ ಗಟ್ಟಿ ರೂಪ ಕಟ್ಟಬೇಕು. ಕೈಯಲ್ಲಿ ಮಾಡಿದರೆ ತಿಂಗಳು ಹಿಡಿಯುತ್ತದೆಂದು ಅವಳು ಅದಕ್ಕೊಂದು ಪ್ರೋಗ್ರಾಂ ಬರೆದಿದ್ದಳು. ಗುಂಡಿ ಒತ್ತಿದರೆ ಇಡೀ ರಸ್ತೆ ತಾನೇ ಎದ್ದು ನಿಲ್ಲುತ್ತಿತ್ತು.

ಒಮ್ಮೆ ಒಂದು ಗುಡ್ಡದ ರಸ್ತೆ ಬಂತು. ಪ್ರೋಗ್ರಾಂ ಚೆನ್ನಾಗಿಯೇ ಹೋಗಿ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಅಲ್ಲಿ ಕಣಿವೆಯ ಕಡೆ ಎರಡು ಹೋಳುಗಳ ಇಳಿಜಾರುಗಳು ಒಂದೇ ಜಾಗಕ್ಕೆ ಬಿದ್ದು ಒಂದರೊಳಗೊಂದು ನುಗ್ಗಿದ್ದವು. ತುಂಬುವ ಮಣ್ಣಿಗೆ ಕಾಲೂರಲು ಜಾಗವಿರಲಿಲ್ಲ. ಕಲ್ಲಿನ ತಡೆಗೋಡೆ ಬೇಕೇ ಬೇಕು, ಇಲ್ಲದಿದ್ದರೆ ಮಳೆಗೆ ಮಣ್ಣು ಕೆಳಕ್ಕೆ ಜಾರುತ್ತದೆ. ಆ ತಿರುವಿನ ನೇರ ಕೆಳಗೆ ಕಲ್ಲು ಒಡೆಯುವವರ ಒಂಬತ್ತು ಮನೆಗಳಿದ್ದವು.

ಅವಳ ಕಚೇರಿಯ ಸಾಹೇಬ ಬಂದು ನೋಡಿದ. "ಗೋಡೆ ಅಂದರೆ ಮತ್ತೆ ಆರು ತಿಂಗಳು. ಆ ಎರಡು ಹೋಳು ತೆಗೆದುಬಿಡಮ್ಮ, ಅಕ್ಕಪಕ್ಕದವು ತಾವೇ ಕೂಡಿಕೊಳ್ತವೆ."

"ಕೂಡಿಕೊಳ್ತವೆ ಸಾರ್, ಪರದೆ ಮೇಲೆ."

"ನೀನು ಬರೆದ ಪ್ರೋಗ್ರಾಂ ನಿನ್ನ ಮಾತೇ ಕೇಳಲ್ವಾ?"

"ಕೇಳಿದ್ದಕ್ಕೇ ನಿಂತಿದೆ ಸಾರ್. ಇಂಥ ಕಡೆ ನಿಲ್ಲು ಅಂತ ಬರೆದವಳು ನಾನೇ."

ಕಚೇರಿಯವರು ಮುಖ ಮುಖ ನೋಡಿಕೊಂಡು ನಕ್ಕರು. ಅವಳು ಆ ಹೋಳುಗಳನ್ನೆಲ್ಲ ರಟ್ಟಿನಲ್ಲಿ ಕತ್ತರಿಸಿ ತಂದು, ಜೋಡಿಸಿ ನೋಡಿ ಎಂದು ಸಾಹೇಬನ ಮೇಜಿನ ಮೇಲಿಟ್ಟಳು. ತಿರುವಿಗೆ ಬಂದಾಗ ಎರಡು ರಟ್ಟು ಒಂದಕ್ಕೊಂದು ಗುದ್ದಿದವು. ಸಾಹೇಬ ಒಂದರ ಮೂಲೆಯನ್ನು ಚಿವುಟಿ ಎಸೆದು, "ಈಗ ಕೂತಿತು ನೋಡು," ಎಂದ. ಅವಳು ಆ ಚೂರನ್ನು ನೆಲದಿಂದ ಎತ್ತಿಕೊಂಡಳು. ನಕ್ಷೆಗೆ ಸಹಿ ಹಾಕಲಿಲ್ಲ.

ಮಾರನೆಯ ದಿನ ಅವಳ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ಪ್ರೋಗ್ರಾಮಿನಲ್ಲಿ ನಿಲ್ಲು ಎಂದು ಹೇಳುವ ಸಾಲನ್ನು ಅವನು ಅಳಿಸಿದ. ರಸ್ತೆ ನುಣ್ಣಗೆ ಮೂಡಿತು.

ಅವಳು ರಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಒಂಬತ್ತು ಮನೆಗಳಿಗೆ ಹೋಗಿ ಅಂಗಳದಲ್ಲಿ ಹರಡಿದಳು. ಭಾರ ಹೊತ್ತು ಬಲ್ಲ ಜನ, ಬಿಡಿಸಿ ಹೇಳಬೇಕಾಗಲಿಲ್ಲ. ಮಣ್ಣಿನ ಲಾರಿಗಳು ಬಂದ ದಿನ ಅವರೆಲ್ಲ ಹೋಗಿ ತಿರುವಿನಲ್ಲಿ ಕೂತರು. ನಡುವೆ ಅವಳೂ ಕೂತಳು. ಕಚೇರಿಯವರು ಬಂದು ಬೈದರು, ಬೆದರಿಸಿದರು. ಹನ್ನೊಂದು ದಿನ ಒಬ್ಬರೂ ಏಳಲಿಲ್ಲ. ಕೊನೆಗೆ ಗೋಡೆ ಮಂಜೂರಾಯಿತು. ಕಟ್ಟಿದವರೂ ಆ ಮನೆಗಳವರೇ.

ಮುಂದೆ ಸಾಹೇಬ ಉದ್ಘಾಟನೆಯಲ್ಲಿ ಹಾರ ಹಾಕಿಸಿಕೊಂಡು ಮೇಲಿನ ಹುದ್ದೆಗೆ ಹೋದ. ಸಾಲು ಅಳಿಸಿದವನು ಅದೇ ಕುರ್ಚಿಯಲ್ಲಿ ಇದ್ದಾನೆ. ಒಂಬತ್ತು ಮನೆ ಹನ್ನೆರಡಾಗಿವೆ. ಅವಳಿಗೆ ಆ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ದೂರದ ಒಂದು ಪಟ್ಟಣದಲ್ಲಿ ಚರಂಡಿಗಳ ನಕ್ಷೆ ಬರೆದುಕೊಂಡಿದ್ದಾಳೆ.

"ಅಷ್ಟೆಲ್ಲ ಮಾಡಿ ಅವಳಿಗೇನು ಸಿಕ್ಕಿತವ್ವಾ?" ಎಂದಳು ಶಿಷ್ಯೆ.

"ಇದನ್ನು ನೀನು ಮೇಲೆ ರಸ್ತೆಯಲ್ಲಿ ನಿಂತು ಕೇಳ್ತಿದೀಯ ಮಗಳೇ, ಒಮ್ಮೆ ಕೆಳಗೆ ಆ ಮನೆಗಳ ಅಂಗಳದಲ್ಲಿ ನಿಂತು ಕೇಳು."